ತರಗತಿಯಲ್ಲಿ ರೋಮನ್ ಸಭೆ: 193 ಹುಣಸೆ ಬೀಜ, ಎರಡು ಹಾಳೆ ತಟ್ಟೆ

ಪೆಟ್ರೀಷಿಯನ್ (ಹುಟ್ಟಿನಿಂದ ಕುಲೀನರು), ಪ್ಲೆಬಿಯನ್ (ಉಳಿದ ಸಾಮಾನ್ಯ ಪ್ರಜೆಗಳು), ಕಾನ್ಸಲ್ (ಆಡಳಿತದ ಅತ್ಯುನ್ನತ ಅಧಿಕಾರಿ), ಸೆನೆಟ್ (ಹಿರಿಯರ ಸಭೆ) ಎಂದು ಬಾಯಿಪಾಠ ಮಾಡಿಸಿದ್ದು ಪರೀಕ್ಷೆಯವರೆಗೂ ನಿಲ್ಲುವುದಿಲ್ಲ. ಎರಡು ಪಿರಿಯಡ್ ಒಟ್ಟಿಗೆ ಸಿಕ್ಕ ದಿನ ಮಕ್ಕಳನ್ನು ಮೈದಾನಕ್ಕೆ ಕರೆತಂದು ಸೆಂಚುರಿ ಸಭೆ ನಡೆಸಿ (ಸೆಂಚುರಿ ಎಂದರೆ ಒಟ್ಟಾಗಿ ಒಂದೇ ಮತ ಹಾಕುವ ಗುಂಪು). ಕ್ರಿ.ಪೂ. 509ರಲ್ಲಿ ರಾಜನನ್ನು ಓಡಿಸಿದ ಮೇಲೆ ರೋಮನ್ನರು ವರ್ಷಕ್ಕಿಬ್ಬರು ಕಾನ್ಸಲ್‌ಗಳನ್ನು ಆರಿಸುತ್ತಿದ್ದದ್ದು, ಯುದ್ಧಕ್ಕೆ ಒಪ್ಪಿಗೆ ಕೊಡುತ್ತಿದ್ದದ್ದು ಈ ಸಭೆಯಲ್ಲೇ.

ಬೇಕಾದದ್ದು 193 ಹುಣಸೆ ಬೀಜ, ಎರಡು ಹಾಳೆ ತಟ್ಟೆ, ನೆಲದಲ್ಲಿ ಗೆರೆ ಎಳೆಯಲು ರಂಗೋಲಿ ಪುಡಿ, ಕೆಂಪು ಬಟ್ಟೆ ಕಟ್ಟಿದ ಕೋಲು, 40 ಚೀಟಿ. ಮನೆ ತುಂಬ ಇದೆಯೆಂದು ಅಡಿಕೆ ತರಿಸಬೇಡಿ. ಎಣಿಕೆ ಮುಗಿಯುವಷ್ಟರಲ್ಲಿ ನಾಲ್ಕಾರು ಬಾಯಿಗೆ ಹೋಗಿರುತ್ತವೆ.

40 ಮಕ್ಕಳಿಗೆ ಬೀಜ ಹೀಗೆ ಹಂಚಿ:

ಕುದುರೆ ಸವಾರರು – 2 ಮಕ್ಕಳು, ತಲಾ 9 (ಒಟ್ಟು 18)
ಒಂದನೇ ವರ್ಗ – 4 ಮಕ್ಕಳು, ತಲಾ 20 (80)
ಎರಡನೇ ವರ್ಗ – 4 ಮಕ್ಕಳು, ತಲಾ 5 (20)
ಮೂರನೇ ವರ್ಗ – 5 ಮಕ್ಕಳು, ತಲಾ 4 (20)
ನಾಲ್ಕನೇ ವರ್ಗ – 5 ಮಕ್ಕಳು, ತಲಾ 4 (20)
ಐದನೇ ವರ್ಗ – 6 ಮಕ್ಕಳು, ತಲಾ 5 (30)
ಬಡಗಿ, ಕಮ್ಮಾರ, ಕಹಳೆ, ಕೊಂಬು – 4 ಮಕ್ಕಳು, ತಲಾ 1 (4)
ಆಸ್ತಿ ಇಲ್ಲದವರು – 10 ಮಕ್ಕಳು, ಎಲ್ಲರಿಗೂ ಸೇರಿ 1

ಒಂದು ಬೀಜ ಎಂದರೆ ಒಂದು ಸೆಂಚುರಿಯ ಮತ. ಬೀಜಗಳ ಲೆಕ್ಕ ರೋಮನ್ನರದ್ದು, ಮಕ್ಕಳ ಸಂಖ್ಯೆ ಮಾತ್ರ ಆಟದ ಅನುಕೂಲಕ್ಕೆ. ಇದು ಕ್ರಿ.ಪೂ. ಮೂರನೇ ಶತಮಾನದ ಸುಧಾರಣೆಗಿಂತ ಹಿಂದಿನ ವ್ಯವಸ್ಥೆ. ಆಮೇಲೆ ಒಂದನೇ ವರ್ಗದ 80 ಸೆಂಚುರಿ 70ಕ್ಕೆ ಇಳಿಯಿತು. ಇತಿಹಾಸಕಾರ ಲಿವಿ ಹೇಳುವಂತೆ ಒಂದನೇ ವರ್ಗಕ್ಕೆ ಒಂದು ಲಕ್ಷ ಆಸ್ (ಕಂಚಿನ ನಾಣ್ಯ) ಬೆಲೆಯ ಆಸ್ತಿ ಬೇಕು, ಐದನೆಯದಕ್ಕೆ 11,000 ಸಾಕು. ಸಭೆಯ ಮೂಲ ಸೈನ್ಯ, ಆಯುಧ ಅವರವರ ಖರ್ಚು: ಒಂದನೇ ವರ್ಗದವನಿಗೆ ಶಿರಸ್ತ್ರಾಣ, ಗುರಾಣಿ, ಎದೆಕವಚ, ಕಾಲ್ಕವಚ ಎಲ್ಲವೂ ಕಂಚಿನದು, ಐದನೆಯವನಿಗೆ ಕವಣೆ ಮತ್ತು ಕಲ್ಲು.

ಯಾರು ಯಾವ ವರ್ಗ ಎಂಬುದನ್ನು ಚೀಟಿ ಎತ್ತಿಸಿಯೇ ನಿರ್ಧರಿಸಿ. ಮನೆಯಲ್ಲಿ ತೋಟ ಇರುವ ಹುಡುಗನನ್ನು ಒಂದನೇ ವರ್ಗದಲ್ಲಿ ಕೂರಿಸಿದರೆ ಆಟ ಅಲ್ಲಿಗೇ ಕೆಟ್ಟಿತು. ಪೆಟ್ರೀಷಿಯನ್ ಎಂದರೆ ಮೇಲ್ಜಾತಿ ಎಂದು ಹೇಳಿ ಮುಗಿಸುವುದೂ ಬೇಡ. ಅದು ಹುಟ್ಟಿನಿಂದ ಬಂದದ್ದು ನಿಜ, ಆದರೆ ಸಭೆಯ ವರ್ಗ ಆಸ್ತಿಯದ್ದು. ಶ್ರೀಮಂತ ಪ್ಲೆಬಿಯನ್ನರೂ ಇದ್ದರು. ಇಬ್ಬರ ನಡುವೆ ಮದುವೆಗಿದ್ದ ನಿಷೇಧ ಕ್ರಿ.ಪೂ. 445ರಲ್ಲೇ ಹೋಯಿತು. ಇದು ಕಣ್ಣಿಗೆ ಕಾಣಲೆಂದು ನಾಲ್ಕು ಮಕ್ಕಳ ತೋಳಿಗೆ ಕೆಂಪು ದಾರ ಕಟ್ಟಿ, ಇವರೇ ಪೆಟ್ರೀಷಿಯನ್ನರು: ಒಬ್ಬ ಸವಾರ, ಒಂದನೇ ವರ್ಗದ ಇಬ್ಬರು, ಬೇಕೆಂದೇ ಮೂರನೇ ವರ್ಗದ ಒಬ್ಬ. ರೋಮ್‌ನಲ್ಲಿ ಹೆಂಗಸರಿಗೂ ಗುಲಾಮರಿಗೂ ಮತವಿರಲಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಕು, ಹುಡುಗಿಯರನ್ನು ಹೊರಗೆ ಕೂರಿಸಬೇಡಿ.

ಮಸೂದೆ ಯಾವುದಿರಲಿ? ಸಾರ್ವಜನಿಕ ಜಮೀನನ್ನು ಒಬ್ಬ 500 ಯುಗೇರಕ್ಕಿಂತ, ಅಂದರೆ ಸುಮಾರು 310 ಎಕರೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬುದು. ಬಗರ್‌ಹುಕುಂ ಮಾತು ಕೇಳಿ ಬೆಳೆದ ಮಕ್ಕಳಿಗೆ ಇದರ ಜಗಳ ಬಿಡಿಸಿ ಹೇಳಬೇಕಿಲ್ಲ. ಮೂರು ಸಂತೆ ದಿನ ಮುಂಚೆಯೇ ನೋಟಿಸ್ ಹಚ್ಚಿ. ರೋಮ್‌ನಲ್ಲೂ ಮೂರು ಸಂತೆಯ ಅವಧಿ ಕೊಡುವ ರೂಢಿಯಿತ್ತು, ಅವರ ಸಂತೆ ಎಂಟು ದಿನಕ್ಕೊಮ್ಮೆ. ಮೊದಲೆರಡು ಗುಂಪಿನ ಚೀಟಿಯಲ್ಲಿ ‘ನಿನ್ನ ಕೈಯಲ್ಲಿ 900 ಯುಗೇರ ಇದೆ’ ಎಂದು ಬರೆಯಲು ಮರೆಯಬೇಡಿ. ಬರೆಯದಿದ್ದರೆ ಮಕ್ಕಳು ಒಳ್ಳೆಯ ಮನಸ್ಸಿನಿಂದ ‘ಆಗಲಿ’ ಎಂದುಬಿಡುತ್ತಾರೆ, ಪಾಠ ಕೈತಪ್ಪುತ್ತದೆ.

ಕಾನ್ಸಲ್ ನೀವೇ ಆಗಿ. ಸಭೆಯಲ್ಲಿ ಚರ್ಚೆ ಇಲ್ಲ. ಅದು ಮುಂಚೆ ನಡೆಯುವ ಬೇರೆ ಕೂಟದಲ್ಲಿ, ಅಲ್ಲೂ ಅಧಿಕಾರಿ ಕರೆದವರಿಗಷ್ಟೇ ಮಾತು. ಗುಂಪುಗಳನ್ನು ಗೆರೆ ಎಳೆದ ಅಂಕಣಗಳಲ್ಲಿ ನಿಲ್ಲಿಸಿ, ಸವಾರರಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಕೇಳಿ. ಉತ್ತರ ಎರಡೇ: ‘ನೀವು ಕೇಳಿದಂತಾಗಲಿ’ ಅಥವಾ ‘ಹಳೆಯದೇ ಇರಲಿ’. ಬೀಜವನ್ನು ಆಯಾ ತಟ್ಟೆಗೆ ಹಾಕಿಸಿ. ಎಲ್ಲರಿಗೂ ಕೇಳುವಂತೆ ಹೇಳಿಸುವುದು ಮುಖ್ಯ. ಕ್ರಿ.ಪೂ. 139ರವರೆಗೆ ಗುಪ್ತ ಮತ ಇರಲಿಲ್ಲ, ಪೇಟ್ರನ್ (ಆಸರೆ ಕೊಡುವ ದೊಡ್ಡವನು) ಕಿವಿಗೆ ಬೀಳುವಂತೆಯೇ ಕ್ಲೈಂಟ್ (ಅವನ ಆಸರೆಯಲ್ಲಿರುವವನು) ಮತ ಹೇಳಬೇಕಿತ್ತು. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಸೀಮೆಯಲ್ಲಿ ಇವರನ್ನು ಒಡೆಯ–ಗೇಣಿದಾರ ಎಂದು ವಿವರಿಸುವ ಆಸೆಯಾಗುತ್ತದೆ. ಅಷ್ಟು ನೇರವಲ್ಲ. ಕ್ಲೈಂಟ್ ಪೇಟ್ರನ್ನನ ಜಮೀನು ಉಳಲೇಬೇಕೆಂದಿಲ್ಲ. ಪೇಟ್ರನ್ ಕೋರ್ಟಿನಲ್ಲಿ ಕ್ಲೈಂಟ್ ಪರ ನಿಲ್ಲುತ್ತಾನೆ, ಕ್ಲೈಂಟ್ ಮತ ಕೊಡುತ್ತಾನೆ, ಪೇಟ್ರನ್ ಹಿಂದೆ ನಡೆಯುತ್ತಾನೆ.

ಒಂದು ತಟ್ಟೆಯಲ್ಲಿ 97 ಬೀಜ ಬಿದ್ದ ಕೂಡಲೇ ಸಭೆ ಮುಗಿಯಿತು ಎಂದು ಸಾರಿ. ಸವಾರರು ಮತ್ತು ಒಂದನೇ ವರ್ಗ ಒಂದಾದರೆ 98, ಆರು ಮಕ್ಕಳಲ್ಲೇ ತೀರ್ಮಾನ. ಉಳಿದ 34 ಜನ ಗಲಾಟೆ ಮಾಡುತ್ತಾರೆ, ಪಾಪ ಅನ್ನಿಸಿ ಅವರಿಂದಲೂ ಮತ ಹಾಕಿಸಬೇಡಿ. ಮೊದಲೇ ಲೆಕ್ಕ ಬಿಟ್ಟುಕೊಡಲೂ ಬೇಡಿ.

ಕೆಂಪು ಬಾವುಟ ಹಿಡಿದವರೊಬ್ಬರು ಎತ್ತರದಲ್ಲಿ ನಿಂತಿರಲಿ. ರೋಮ್‌ನಲ್ಲಿ ಅದು ಜನಿಕ್ಯುಲಮ್ ಗುಡ್ಡದ ಮೇಲೆ. ಬಾವುಟ ಇಳಿಸಿದರೆ ಸಭೆ ಬರಖಾಸ್ತು. ಗುಡುಗಿದರೂ ಅಷ್ಟೇ, ಅಪಶಕುನ. ಹಾಗಾಗಿ ಏಪ್ರಿಲ್, ಅಕ್ಟೋಬರ್‌ನ ಮಧ್ಯಾಹ್ನಗಳನ್ನು ಬಿಟ್ಟು ಬೆಳಗಿನ ಪಿರಿಯಡ್ ಹಿಡಿಯಿರಿ.

ಎರಡನೇ ಸುತ್ತು ಪ್ಲೆಬಿಯನ್ನರ ಸಭೆ. ಕೆಂಪು ದಾರದ ನಾಲ್ವರನ್ನು ಹೊರಗೆ ಕಳಿಸಿ, ಉಳಿದ 36 ಮಕ್ಕಳನ್ನು ಏಳು ಗುಂಪು ಮಾಡಿ (ಒಂದರಲ್ಲಿ 6, ಆರರಲ್ಲಿ 5), ಗುಂಪಿಗೊಂದೇ ಬೀಜ. ನಾಲ್ಕು ಗುಂಪು ಒಪ್ಪಿದರೆ ಪಾಸು. ಅದೇ ಮಸೂದೆ ಇಲ್ಲಿ ಸಾಮಾನ್ಯವಾಗಿ ಗೆಲ್ಲುತ್ತದೆ. ಸಂಪ್ರದಾಯದ ಪ್ರಕಾರ ಟ್ರಿಬ್ಯೂನರಾದ (ಪ್ಲೆಬಿಯನ್ನರು ಆರಿಸಿದ ಪ್ರತಿನಿಧಿಗಳಾದ) ಲಿಸಿನಿಯಸ್ ಮತ್ತು ಸೆಕ್ಸ್ಟಿಯಸ್ ಕ್ರಿ.ಪೂ. 367ರಲ್ಲಿ ಇದನ್ನು ಗೆಲ್ಲಿಸಿಕೊಂಡದ್ದೂ ಪ್ಲೆಬಿಯನ್ನರ ಬಲದಿಂದಲೇ. ಈ ಸಭೆಯ ನಿರ್ಣಯ ಪೆಟ್ರೀಷಿಯನ್ನರನ್ನೂ ಕಟ್ಟಿಹಾಕುವುದು ಖಚಿತವಾದದ್ದು ಮಾತ್ರ 287ರಲ್ಲಿ.

ಕೊನೆಗೆ ತಿನ್ನಲು ಏನಾದರೂ ಬೇಕೆಂದರೆ ಪುಲ್ಸ್ ಮಾಡಿ, ಅಂದಿನ ಬಡವರ ದಿನದೂಟ. ಒಂದು ಲೋಟ ಜವೆಗೋಧಿ ನುಚ್ಚಿಗೆ ನಾಲ್ಕು ಲೋಟ ನೀರು, ಉಪ್ಪು. ಅರ್ಧ ಗಂಟೆ ನೆನೆಸಿ ಸಣ್ಣ ಉರಿಯಲ್ಲಿ ಬೇಯಿಸಿ. ಕೈಯಾಡಿಸುತ್ತಿರದಿದ್ದರೆ ತಳ ಹತ್ತುತ್ತದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಹಾಕುವಂತಿಲ್ಲ, ಮೂರೂ 1492ರ ನಂತರ ಅಮೆರಿಕದಿಂದ ಬಂದವು. ಸಿಹಿ ಬೇಕೆಂದವರಿಗೆ ಬೆಲ್ಲದ ಬದಲು ಜೇನು ಕೊಡಿ.