ಸೌದೆ ಕೊಯ್ಯೋಕೆ ಚೈನ್‌ಸಾ ತಗೊಳ್ಳೋ ಮುಂಚೆ ಏನೇನು ನೋಡ್ಬೇಕು

ಬಚ್ಚಲ ಹಂಡೆ ಒಲೆಗೆ, ಅಡಿಕೆ ಬೇಯಿಸೋಕೆ ವರ್ಷಕ್ಕೆ ಎಷ್ಟು ಸೌದೆ ಬೇಕು ಅಂತ ಮಲೆನಾಡಿನವರಿಗೆ ಹೇಳ್ಬೇಕಾಗಿಲ್ಲ, ಮೇ ಒಳಗೆ ಕೊಟ್ಟಿಗೆ ತುಂಬದಿದ್ರೆ ಜುಲೈಲಿ ಹಸಿ ಕಟ್ಟಿಗೆ ಊದಿ ಊದಿ ಕಣ್ಣಲ್ಲಿ ನೀರು ಬರತ್ತೆ. ಕೊಡ್ಲಿ ಹಿಡಿಯೋ ಆಳು ಸಿಗೋದೂ ಕಷ್ಟ, ಹಾಗಾಗಿ ಈಗ ಎಲ್ರೂ ಚೈನ್‌ಸಾ ತಗೊಳ್ತಿದಾರೆ. ಆದ್ರೆ ಅಂಗಡೀಲಿ ಕೇಳೋದು ಎಷ್ಟು ಸಿಸಿ, ಎಷ್ಟು ರೇಟು, ಇಷ್ಟೇ. ನಾನೂ ಹಂಗೇ ಮಾಡಿದ್ದೆ. 58 ಸಿಸಿ, 22 ಇಂಚಿನ ಬಾರ್ (ಚೈನ್ ಸುತ್ತೋ ಉದ್ದನೆ ಪಟ್ಟಿ), ಅರ್ಧ ರೇಟು ಅಂತ ಒಂದು ಮಷೀನ್ ತರಿಸಿದೆ, ಎರಡನೇ ಬೇಸಿಗೆಗೆ ಚೈನ್‌ಗೆ ಎಣ್ಣೆ ಬಿಡೋ ಆಯಿಲ್ ಪಂಪ್ ಹೋಯ್ತು, ಅದರ ಸ್ಪೇರ್ ನಮ್ಮ ತಾಲೂಕಲ್ಲೇ ಸಿಗ್ಲಿಲ್ಲ, ಅರ್ಧ ಕೊಯ್ದ ಅಕೇಶಿಯಾ ಹಿತ್ತಲಲ್ಲಿ ಮಳೇಲಿ ನೆಂದು ಹಾಳಾಯ್ತು.

ಅದಕ್ಕೇ ಹೇಳೋದು, ಮೊದಲು ಮಷೀನ್ ನೋಡ್ಬೇಡಿ, ರಿಪೇರಿಯವನನ್ನ ನೋಡಿ. ನಿಮ್ಮೂರಿಗೆ ಹತ್ತಿರ ವೀಡ್ ಕಟರ್, ಚೈನ್‌ಸಾ ಬಿಚ್ಚೋ ಮೆಕ್ಯಾನಿಕ್ ಹತ್ರ ಹೋಗಿ ಯಾವ ಕಂಪನಿಯ ಕಾರ್ಬೊರೇಟರ್ ಡಯಾಫ್ರಮ್, ಸ್ಪ್ರಾಕೆಟ್, ಆಯಿಲ್ ಪಂಪ್ ಅವನ ಹತ್ರ ಈಗಲೇ ಸ್ಟಾಕ್ ಇದೆ ಅಂತ ಕೇಳಿ. ಅವನು ಹೇಳೋ ಎರಡು ಮೂರು ಮಾಡೆಲ್ ಒಳಗೇ ಆರಿಸ್ಕೊಳ್ಳಿ.

ಸೈಜ್ ವಿಷಯದಲ್ಲಿ ದೊಡ್ಡದಕ್ಕೆ ಆಸೆ ಪಡ್ಬೇಡಿ. ಮನೆ ಸೌದೆ ಅಂದ್ರೆ ಹೆಚ್ಚಾಗಿ ಆರರಿಂದ ಹತ್ತಿಂಚು ದಪ್ಪದ ಕೊಂಬೆ, ಅದಕ್ಕೆ 14 ಅಥವಾ 16 ಇಂಚಿನ ಬಾರ್ ಇರೋ 30ರಿಂದ 40 ಸಿಸಿ ಮಷೀನ್ ಸಾಕು. ಸ್ಟಿಲ್ ಕಂಪನಿಯ ಎಂಎಸ್ 180 ಇದೇ ವರ್ಗದ್ದು, 31.8 ಸಿಸಿ, ಬಾರ್ ಚೈನ್ ಬಿಟ್ಟು ನಾಲ್ಕು ಕೆಜಿ ಆಸುಪಾಸು. ದಿನಾ ದಪ್ಪ ದಿಮ್ಮಿ ಕೊಯ್ಯೋರಿಗೆ 45 ಸಿಸಿ ಆಸುಪಾಸಿನದು ಬೇಕು. ಸಣ್ಣ ಎಂಜಿನ್‌ಗೆ ಉದ್ದ ಬಾರ್ ಹಾಕಿದ್ರೆ ಎಳೆಯೋಕಾಗದೆ ಬಿಸಿಯಾಗತ್ತೆ, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಸೊಂಟಾನೂ ಹೋಗಿರತ್ತೆ.

ಅಂಗಡೀಲಿ ಸ್ಟಾರ್ಟ್ ಮಾಡಿಸದೆ ದುಡ್ಡು ಕೊಡ್ಬೇಡಿ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡ್ತಿರ್ಬೇಕು, ಆದ್ರೆ ಚೈನ್ ಸುತ್ತಬಾರ್ದು. ಹಿಡಿಕೆ ಮುಂದಿನ ಗಾರ್ಡ್ ಮುಂದಕ್ಕೆ ತಳ್ಳಿದ್ರೆ ಚೈನ್ ಬ್ರೇಕ್ ಟಕ್ ಅಂತ ಹಿಡೀಬೇಕು. ಆಮೇಲೆ ಬಾರ್ ತುದೀನ ಒಂದು ರಟ್ಟಿನ ಡಬ್ಬದ ಹತ್ರ ತಾಗದ ಹಾಗೆ ಹಿಡಿದು ಆಕ್ಸಿಲರೇಟರ್ ಕೊಡಿ, ರಟ್ಟಿನ ಮೇಲೆ ತೆಳ್ಳಗೆ ಎಣ್ಣೆ ಗೆರೆ ಬಿದ್ರೆ ಆಯಿಲ್ ಪಂಪ್ ಸರಿ ಇದೆ ಅಂತ. ಈ ಅರ್ಧ ನಿಮಿಷದ ಟೆಸ್ಟ್ ನನಗೆ ಆಗ ಗೊತ್ತಿದ್ರೆ ಪಂಪ್ ಹೋಗಿದೆ ಅಂತ ಮೊದಲೇ ತಿಳೀತಿತ್ತು, ಬಾರ್ ಆದ್ರೂ ಉಳೀತಿತ್ತು. ಚೈನ್‌ಗೆ ಟ್ರ್ಯಾಕ್ಟರಿಂದ ತೆಗೆದ ಹಳೇ ಎಂಜಿನ್ ಆಯಿಲ್ ಹಾಕ್ಬೇಡಿ, ಅದರಲ್ಲಿರೋ ಕಬ್ಬಿಣದ ಪುಡಿ ಪಂಪನ್ನೇ ತಿಂದು ಹಾಕತ್ತೆ.

ಮಷೀನ್ ಜೊತೆಗೇ ಒಂದು ಎಕ್ಸ್‌ಟ್ರಾ ಚೈನ್, ಅದಕ್ಕೆ ಸರಿಯಾದ ದುಂಡನೆ ಅರ ತಗೊಳ್ಳಿ, ಸಣ್ಣ ಮಷೀನಿನ ಚೈನ್‌ಗೆ ಸಾಮಾನ್ಯವಾಗಿ 4 ಎಂಎಂ ಅರ ಬರತ್ತೆ. ಹರಿತ ಇದ್ರೆ ಅವಲಕ್ಕಿ ಥರ ಚಕ್ಕೆ ಹಾರತ್ತೆ, ಮೊಂಡಾದ್ರೆ ಹಿಟ್ಟಿನ ಥರ ಪುಡಿ ಬೀಳತ್ತೆ, ಪುಡಿ ಕಂಡ ತಕ್ಷಣ ನಿಲ್ಲಿಸಿ ಅರ ಹಿಡೀರಿ, ಒತ್ತಿ ಒತ್ತಿ ಕೊಯ್ಯೋದ್ರಿಂದಲೇ ಎಷ್ಟೋ ಎಂಜಿನ್ ಸತ್ತಿರೋದು.

ಬಜೆಟ್ ಹಾಕುವಾಗ ಕನ್ನಡಕ, ಕಿವಿಗೆ ಮಫ್, ಗಟ್ಟಿ ಬೂಟು, ಚೈನ್ ಏಟಿಂದ ಕಾಲು ಕಾಯೋ ಚೈನ್‌ಸಾ ಪ್ಯಾಂಟು ಇವನ್ನೂ ಸೇರಿಸಿ, ದಯವಿಟ್ಟು. ಲುಂಗಿ ಎತ್ತಿ ಕಟ್ಟಿ ಹವಾಯಿ ಚಪ್ಪಲೀಲಿ ಕೊಯ್ಯೋರನ್ನ ನೋಡಿದ್ರೆ ಎದೆ ಧಸಕ್ ಅನ್ನತ್ತೆ. ಬಾರ್ ತುದಿಯ ಮೇಲ್ಭಾಗ ಬೇರೆ ಕೊಂಬೆಗೆ ತಾಗಿದ್ರೆ ಮಷೀನ್ ಒಂದೇ ಏಟಿಗೆ ಮುಖದ ಕಡೆ ಎಗರತ್ತೆ, ಹೆಗಲಿಗಿಂತ ಮೇಲೆ ಎತ್ತಿ ಯಾವತ್ತೂ ಕೊಯ್ಯಬೇಡಿ. ಇನ್ನು ನಿಂತ ಮರ ಕಡಿಯೋ ಯೋಚನೆ ಇದ್ರೆ ಮೊದಲು ಅರಣ್ಯ ಇಲಾಖೇಲಿ ಕೇಳಿ, ಸ್ವಂತ ಜಾಗದ ಮರಕ್ಕೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಕೆಲವು ಜಾತಿಗೆ ಮಾತ್ರ ವಿನಾಯಿತಿ.

ಪೆಟ್ರೋಲ್‌ಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲ್ ಜೊತೆ ಕಲಸೋ ಎಣ್ಣೆ) ಎಷ್ಟು ಅಂತ ಮಷೀನಿನ ಪುಸ್ತಕದಲ್ಲೇ ನೋಡ್ಕೊಳ್ಳಿ, 50:1 ಅಂತಿದ್ರೆ ಲೀಟರ್‌ಗೆ 20 ಎಂಎಲ್. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರೋದ್ರಿಂದ ಗಾಳಿಯ ತೇವ ಎಳ್ಕೊಳ್ಳತ್ತೆ, ಕಲಸಿದ್ದನ್ನ ತಿಂಗಳುಗಟ್ಟಲೆ ಇಡ್ಬೇಡಿ. ಜೂನ್ ಮಳೆ ಹಿಡಿಯೋ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ಅದಾಗೇ ನಿಲ್ಲೋವರೆಗೂ ಓಡಿಸಿ, ಚೈನ್‌ಗೆ ಎಣ್ಣೆ ಸವರಿ ಒಣಗಿರೋ ಜಾಗದಲ್ಲಿ ಇಟ್ಬಿಡಿ.