ದುಡ್ಡು ಕಟ್ಟುವ ಮೊದಲು: ಆ ಸಿನಿಮಾ ಯಾವ ಆ್ಯಪ್‌ನಲ್ಲಿದೆ, ಯಾವ ಭಾಷೆಯಲ್ಲಿದೆ?

ಒಂದೇ ಒಂದು ಸಿನಿಮಾಗಾಗಿ ವರ್ಷದ ಪ್ಲಾನ್ ಹಾಕಿಸಿಕೊಂಡು, ಆಮೇಲೆ 'ಅಯ್ಯೋ, ಇದರಲ್ಲಿ ಕನ್ನಡವೇ ಇಲ್ಲ' ಎಂದು ಪೇಚಾಡುವವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ಐದು ನಿಮಿಷ ಹುಡುಕಿದರೆ ಈ ಫಜೀತಿ ತಪ್ಪುತ್ತದೆ.

ಮೊದಲು, ಯಾವ ಸಿನಿಮಾ ಯಾವ ಆ್ಯಪ್‌ನಲ್ಲಿದೆ ಎಂದು ತೋರಿಸುವ ಜಸ್ಟ್‌ವಾಚ್ ತಾಣದಲ್ಲಿ ಸಿನಿಮಾದ ಹೆಸರು ಹಾಕಿ. ದೇಶ ಭಾರತ ಎಂದಿರಲಿ. ಅಮೆರಿಕದಲ್ಲಿರುವ ಮಗ 'ನನಗೆ ಸಿಗ್ತಿದೆಯಲ್ಲಾ' ಅಂದರೆ ಲೆಕ್ಕಕ್ಕಿಲ್ಲ, ಸಿನಿಮಾ ತೋರಿಸುವ ಹಕ್ಕು ಮಾರುವುದು ದೇಶ ದೇಶಕ್ಕೆ ಬೇರೆ ಬೇರೆ.

ಎಡವುವುದು ಭಾಷೆಯಲ್ಲಿ. ಹಕ್ಕು ಭಾಷೆವಾರು ಕೂಡ ಹಂಚಿಹೋಗುತ್ತದೆ. 2022ರಲ್ಲಿ 'ಕಾಂತಾರ' ಕನ್ನಡದಲ್ಲಿ ನವೆಂಬರ್ 24ಕ್ಕೆ ಪ್ರೈಮ್ ವಿಡಿಯೊಗೆ ಬಂತು. ಹಿಂದಿಯದ್ದು ಡಿಸೆಂಬರ್ 9ಕ್ಕೆ ನೆಟ್‌ಫ್ಲಿಕ್ಸ್‌ಗೆ. 'ಆರ್‌ಆರ್‌ಆರ್' ಹಿಂದಿ ನೆಟ್‌ಫ್ಲಿಕ್ಸ್‌ನಲ್ಲಿ, ಕನ್ನಡ ಸೇರಿ ದಕ್ಷಿಣದ ಭಾಷೆಗಳದ್ದು ಜೀ5ನಲ್ಲಿ ಬಂದವು. ಹಾಗಾಗಿ 'ಇಂಥ ಆ್ಯಪ್‌ನಲ್ಲಿದೆ' ಅಂದಷ್ಟಕ್ಕೇ ಕಾರ್ಡ್ ತೆಗೆಯಬೇಡಿ. ಸಿನಿಮಾದ ಪುಟಕ್ಕೆ ಹೋಗಿ ಆಡಿಯೊ ಭಾಷೆಗಳ ಸಾಲು ಓದಿ. ಸಬ್‌ಟೈಟಲ್ ಸಾಲು ಬೇರೆ, ಆಡಿಯೊ ಸಾಲು ಬೇರೆ. ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಟ್ರೇಲರ್ ಕನ್ನಡದಲ್ಲಿದೆ ಎಂದು ಸಿನಿಮಾನೂ ಕನ್ನಡದಲ್ಲೇ ಇರಬೇಕೆಂದಿಲ್ಲ. ಜೊತೆಗೆ 'ರೆಂಟ್' ಬಟನ್ ಇದೆಯಾ ನೋಡಿ. ಇದ್ದರೆ ಚಂದಾ ಇದ್ದವರೂ ಬೇರೆ ದುಡ್ಡು ಕೊಡಬೇಕು. 'ಕೆಜಿಎಫ್ 2' ಮೊದಲು ಪ್ರೈಮ್‌ನಲ್ಲಿ 199 ರೂಪಾಯಿ ಬಾಡಿಗೆಗೆ ಬಂದಿತ್ತು, 2022ರ ಜೂನ್ 3ರಿಂದ ಸದಸ್ಯರಿಗೆ ಬಾಡಿಗೆ ಇಲ್ಲದೆ ಸಿಕ್ಕಿತು. ಸ್ವಲ್ಪ ಕಾದರೆ ಉಳಿತಾಯ, ಅಲ್ವಾ?

ಟೆಲಿಗ್ರಾಂನಲ್ಲಿ ಅಗ್ಗಕ್ಕೆ ಪಾಸ್‌ವರ್ಡ್ ಮಾರುವವರ ಕಡೆ ತಲೆ ಹಾಕಲೇಬೇಡಿ. ದುಡ್ಡು ಹೋದರೆ ಕೇಳುವವರಿಲ್ಲ.

ಇನ್ನು ಪ್ಲಾನ್. ತಿಂಗಳದ್ದೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಇರುವುದರಲ್ಲಿ ಚಿಕ್ಕದು. ವರ್ಷದ್ದು ಅಗ್ಗ ಅನ್ನಿಸಬಹುದು, ಆದರೆ ಒಪ್ಪಂದಗಳಿಗೆ ಕೊನೆಯ ದಿನ ಇರುತ್ತದೆ. ಅಮೆರಿಕದ ಟಿವಿ ಚಾನೆಲ್ ಎಚ್‌ಬಿಒದ ಸರಣಿಗಳು 2023ರ ಮಾರ್ಚ್ 31ಕ್ಕೆ ಹಾಟ್‌ಸ್ಟಾರ್ ಬಿಟ್ಟವು, ಆಮೇಲೆ ಜಿಯೊಸಿನಿಮಾಗೆ ಹೋದವು. ಐಪಿಎಲ್ ಕೂಡ ಅದೇ ವರ್ಷ ಅದೇ ದಾರಿ ಹಿಡಿಯಿತು. 2025ರ ಫೆಬ್ರುವರಿಯಲ್ಲಿ ಎರಡೂ ಆ್ಯಪ್ ಸೇರಿ ಜಿಯೊಹಾಟ್‌ಸ್ಟಾರ್ ಆದವು!

ಕೊನೆಗೆ, ದುಡ್ಡು ಕಟ್ಟಿದ ದಿನವೇ ಯುಪಿಐ ಆ್ಯಪ್‌ನಲ್ಲಿ ಆಟೊಪೇ (ಪ್ರತಿ ಸಲ ತಾನಾಗೇ ದುಡ್ಡು ಕಡಿತವಾಗುವ ಏರ್ಪಾಡು) ರದ್ದು ಮಾಡಿ. ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವತನಕ ನೋಡಬಹುದು. ಮರೆತಿದ್ದರೆ, ದುಡ್ಡು ಕಡಿತವಾಗುವ 24 ಗಂಟೆ ಮೊದಲೇ ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಜಾಹೀರಾತು ಅಂತ ಅದನ್ನು ಸುಮ್ನೆ ಅಳಿಸಿಬಿಡಬೇಡಿ.