ಪಾಳುಬಿದ್ದ ಆಸ್ಪತ್ರೆ ಕಟ್ಟಡವನ್ನು ಪ್ರಾಥಮಿಕ ಆರೋಗ್ಯ ಕೇಂದ್ರ ಮಾಡುವ ಬಗೆ

ಬಣ್ಣ ಬಳಿಯುವುದು ಕೊನೆಯ ಕೆಲಸ. ಹೆಚ್ಚಿನವರು ಅದರಿಂದಲೇ ಶುರುಮಾಡುತ್ತಾರೆ. ಮೊದಲು ಜಾಗದ ಒಡೆತನದ ದಾಖಲೆ, ನಂತರ ಎಂಜಿನಿಯರ್ ತಪಾಸಣೆ. ಚಾವಣಿಯಲ್ಲಿ ಕಂಬಿ ಕಾಣುತ್ತಿದ್ದರೆ ಗಾರೆ ಮೆತ್ತಿ ಮುಚ್ಚಬೇಡಿ. ತುಕ್ಕು ಹಿಡಿದ ಕಂಬಿ ಉಬ್ಬಿ ಹೊಸ ಗಾರೆಯನ್ನೂ ಉದುರಿಸುತ್ತದೆ. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟನ್ನು ಒಡೆಯುವುದಾಗಲಿ ಕೊರೆಯುವುದಾಗಲಿ ಬೇಡ, ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ತೆಗೆಯಲು ತರಬೇತಿ ಪಡೆದವರೇ ಬೇಕು.

ಎಲ್ಲರೂ ಮರೆಯುವುದು ನೀರಿನ ಪೈಪು. ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನ್ಯುಮೋನಿಯಾ ತರುವಂಥದ್ದು. ಟ್ಯಾಂಕ್ ತಿಕ್ಕಿ ತೊಳೆದು, ಕ್ಲೋರಿನ್ ಹಾಕಿ, ಪ್ರತಿ ನಲ್ಲಿಯಲ್ಲೂ ಅದರ ವಾಸನೆ ಬರುವವರೆಗೆ ಹರಿಸಿ. ರಾತ್ರಿಯಿಡೀ ಬಿಟ್ಟು ಪೂರ್ತಿ ಹೊರಚೆಲ್ಲಿ, ನೀರನ್ನು ಪರೀಕ್ಷೆಗೆ ಕಳಿಸಿ. ಬಳಕೆಯಿಲ್ಲದ ಪೈಪಿನ ತುಂಡುಗಳನ್ನು ಕತ್ತರಿಸಿಬಿಡಿ.

ಹಳೆಯ ವಾರ್ಡನ್ನು ಹಾಗೇ ಉಳಿಸಿಕೊಳ್ಳುವ ಆಸೆ ಬೇಡ. ಕೇಂದ್ರಕ್ಕೆ ಬೇಕಾದದ್ದು ಬಾಗಿಲು ಮುಚ್ಚಿ ಮಾತಾಡಬಹುದಾದ ಚಿಕ್ಕ ಕೋಣೆಗಳು, ಒಂದೊಂದರಲ್ಲೂ ಕೈತೊಳೆಯುವ ಸಿಂಕ್. ಕೆಮ್ಮುವವರಿಗೆ ಎದುರುಬದುರು ಕಿಟಕಿಗಳಿರುವ ಪ್ರತ್ಯೇಕ ಜಾಗ ಕೊಡಿ. ಬಾಗಿಲಿಗೆ ಹತ್ತುವ ಇಳಿಜಾರು (ರ‍್ಯಾಂಪ್) 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಲಿ, ಇಲ್ಲದಿದ್ದರೆ ಗಾಲಿಕುರ್ಚಿ ಹತ್ತದು.

ಲಸಿಕೆಯ ಫ್ರಿಜ್‌ಗೆ ಬೇರೆಯದೇ ವಿದ್ಯುತ್ ಸರ್ಕ್ಯೂಟ್ ಇರಲಿ: ಒಳಗೆ 2ರಿಂದ 8 ಡಿಗ್ರಿ ನಿಲ್ಲಬೇಕು. ಯಾರೋ ಫ್ಯಾನಿನ ಸ್ವಿಚ್ ಎಂದು ಆರಿಸಿದರೆ ಇಡೀ ದಾಸ್ತಾನು ಹಾಳು.